ಮಂಜಿನ ನಾರಿನ ಗಿಡ



ಈ ಸಾಯಂಕಾಲ ಒಂದು ಬಡ ಗಿಡದ ಪಕ್ಷವಾಗಿ ನಾಲ್ಕು ಮಾತುಗಳನ್ನು ತಮ್ಮಲ್ಲಿ ಅರಿಕೆಮಾಡಬೇಕೆಂದು ಬಂದಿದ್ದೇನೆ. ಬಡ ಗಿಡವೆಂದು ಏಕೆ ಹೇಳಿದೆನೆಂದರೆ, ಅದಕ್ಕೆ ಗುಲಾಬಿಯ ಬಣ್ಣವಿಲ್ಲ, ಮಲ್ಲಿಗೆಯ ಮರ್ಯಾದೆಯಿಲ್ಲ, ತುಳಸಿಯಂತೆ ಪೂಜೆಗೊಳ್ಳುವ ಯೋಗವೂ ಇಲ್ಲ. ಅದು ನಮ್ಮಿಂದ ಬೇಡುವುದೂ ಅತ್ಯಲ್ಪ. ನರ್ಸರಿಗಳಲ್ಲಿ ‘ಸ್ನೇಕ್ ಪ್ಲಾಂಟ್’ ಎಂಬ ಹೆಸರಿನಿಂದ ಮಾರುವ, ಕತ್ತಿಗಳನ್ನು ನೆಲದಲ್ಲಿ ನೆಟ್ಟಂತೆ ತೋರುವ ಗಿಡವನ್ನು ತಾವೆಲ್ಲರೂ ನೋಡಿರಬಹುದು. ಎಲೆಯ ಮೇಲೆ ಹಾವಿನ ಮೈಯಲ್ಲಿರುವಂತೆ ಅಡ್ಡಪಟ್ಟೆಗಳಿರುವುದರಿಂದ ಆ ಹೆಸರು ಬಂದಿತು. ಇಂಗ್ಲಿಷಿನವರು ಇದಕ್ಕೆ ಮತ್ತೊಂದು ಹೆಸರನ್ನೂ ಇಟ್ಟಿದ್ದಾರೆ: ‘ಅತ್ತೆಯ ನಾಲಗೆ’. ಎಲೆಯ ತುದಿ ಮೊನಚಾಗಿರುವುದೇ ಅದಕ್ಕೆ ಕಾರಣವಂತೆ. ಕೇಳುತ್ತಿರುವ ಸೊಸೆಯಂದಿರು ನಕ್ಕರೆ ಅಡ್ಡಿಯಿಲ್ಲ. ಅತ್ತೆಯಂದಿರು ಮಾತ್ರ ಕೋಪಿಸಿಕೊಳ್ಳಬಾರದು, ಹೆಸರಿಟ್ಟವನು ನಾನಲ್ಲ. ನನಗೆ ಈ ಗಿಡವನ್ನು ಕೊಟ್ಟವರೂ ಒಬ್ಬ ಅತ್ತೆಯೇ. ಅವರು ನನ್ನ ತಂದೆಯ ಅಕ್ಕ, ನನಗೆ ಸೋದರತ್ತೆ. ಅವರ ನಾಲಗೆಯಲ್ಲಿ ಮೊನಚಿರಲಿಲ್ಲ. ಅವರು ಹೇಳಿದ ಒಂದು ಮಾತನ್ನು ನಾನು ಕೇಳದೆಹೋದೆನು. ಅದರಿಂದಾದ ನಷ್ಟವನ್ನೂ ಆ ನಷ್ಟದಿಂದ ಕಲಿತ ಪಾಠವನ್ನೂ ತಿಳಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಗಿಡದ ಕುಲಗೋತ್ರಗಳನ್ನು ಹೇಳಿಬಿಡುತ್ತೇನೆ. ಪೇಟೆಯಲ್ಲಿ ಹೆಚ್ಚಾಗಿ ದೊರೆಯುವ ಸ್ನೇಕ್ ಪ್ಲಾಂಟ್ ಪರದೇಶದ್ದು; ಆಫ್ರಿಕಾ ಖಂಡದ ಪಶ್ಚಿಮ ಭಾಗದಲ್ಲಿ ನೈಜೀರಿಯಾದಿಂದ ಕಾಂಗೋವರೆಗಿನ ಸೀಮೆ ಅದರ ತವರು. ಆದರೆ ಅದೇ ವಂಶದ ಒಂದು ಗಿಡ ನಮ್ಮ ನಾಡಿನಲ್ಲಿಯೂ ಉಂಟು. ದಖನ್ನಿನ ಒಣನೆಲಗಳಲ್ಲಿ, ಕಲ್ಲುಗುಡ್ಡಗಳ ಸಂದಿಯಲ್ಲಿ, ಪೂರ್ವಸಮುದ್ರದ ತೀರದ ಕುರುಚಲು ಕಾಡುಗಳಲ್ಲಿ ಅದು ತಾನಾಗಿಯೇ ಬೆಳೆಯುತ್ತದೆ. ಕನ್ನಡದಲ್ಲಿ ಅದಕ್ಕೆ ಮಂಜಿನ ನಾರು ಎಂದೂ ಹೆಗ್ಗುರುಟಿಕೆ ಎಂದೂ ಹೆಸರುಗಳಿವೆ. ತಮಿಳಿನವರು ಮರುಳ್ ಎನ್ನುತ್ತಾರೆ. ಬೇಲಿಯಲ್ಲಿರುವ ಕತ್ತಾಳೆಯೇ ಇದೆಂದು ಹಲವರು ಭ್ರಮಿಸುವುದುಂಟು. ಕತ್ತಾಳೆ ಅಮೇರಿಕಾ ಖಂಡದಿಂದ ಬಂದ ದೊಡ್ಡ ಗಿಡ, ಅದರ ಎಲೆಯ ತುದಿಯಲ್ಲಿ ಗಟ್ಟಿಮುಳ್ಳು ಇರುತ್ತದೆ. ಮಂಜಿನ ನಾರಿನ ಎಲೆ ಒಂದೆರಡು ಗೇಣು ಉದ್ದ, ಮೇಲ್ಭಾಗದಲ್ಲಿ ದೋಣಿಯಂತೆ ತಗ್ಗು. ತುದಿ ಚೂಪಾದರೂ ಮೆತ್ತಗೆ. ಕಡುಹಸುರಿನ ಅಡ್ಡಪಟ್ಟೆಗಳು ತಿಳಿಹಸುರಿನ ಮೇಲೆ ಎದ್ದುಕಾಣುತ್ತವೆ.

ಶಾಸ್ತ್ರಜ್ಞರು ಇದನ್ನು ಸಾನ್ಸೆವೀರಿಯ ರಾಕ್ಸ್‌ಬರ್ಗಿಯಾನ ಎಂದು ಕರೆದರು. ಮೊದಲನೆಯದು ತೂನ್‌ಬರ್ಗ್ ಎಂಬ ಸ್ವೀಡನ್ ದೇಶದ ವಿದ್ವಾಂಸನು 1794ರಲ್ಲಿ ಬಳಸಿದ ಕುಲನಾಮ. ಎರಡನೆಯದು, 1793ರಿಂದ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ವಿಲಿಯಂ ರಾಕ್ಸ್‌ಬರ್ಗನ ಗೌರವಾರ್ಥವಾಗಿ 1829ರಲ್ಲಿ ಇಟ್ಟದ್ದು. ಈಚೆಗೆ, 2017 ಮತ್ತು 2018ನೆಯ ಇಸವಿಗಳಲ್ಲಿ, ಅನುವಂಶೀಯ ದ್ರವ್ಯದ ಪರೀಕ್ಷೆಯ ಆಧಾರದ ಮೇಲೆ ಈ ಕುಲವನ್ನೆಲ್ಲ ಡ್ರಸೀನ ಎಂಬ ಕುಲದೊಳಕ್ಕೆ ಸೇರಿಸಿದರು. ಆದಕಾರಣ ಹಳೆಯ ಪುಸ್ತಕದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಹೆಸರು ಕಂಡರೆ ತಾವು ಗಾಬರಿಪಡಬೇಕಾಗಿಲ್ಲ. ಹೆಣ್ಣುಮಗಳಿಗೆ ಮನೆತನದ ಹೆಸರು ಬದಲಾದಂತೆ, ಹುಡುಗಿ ಅವಳೇ.

ಈ ಗಿಡಕ್ಕೆ ‘ನಾರು’ ಎಂಬ ಹೆಸರು ಸುಮ್ಮನೆ ಬಂದುದಲ್ಲ. ಎಲೆಯನ್ನು ಹಲಗೆಯ ಮೇಲಿಟ್ಟು ಮೊಂಡು ಅಲಗಿನಿಂದ ಹೆರೆದು ತಿರುಳನ್ನು ತೆಗೆದರೆ, ಬೆಳ್ಳಗೆ, ನವುರಾಗಿ, ಬಿಗಿಯಾದ ನಾರು ಉಳಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಬಿಲ್ಲಿನ ಹೆದೆಯ ಸೆಣಬು’ ಎಂಬರ್ಥದ ಹೆಸರುಂಟು. ಸಂಸ್ಕೃತದಲ್ಲಿ ಬಿಲ್ಲಿನ ಹೆದೆಗೆ ಮೌರ್ವೀ ಎನ್ನುತ್ತಾರಷ್ಟೆ. ಮೂರ್ವಾ ಎಂಬ ಸಸ್ಯದ ನಾರಿನಿಂದ ಆದುದರಿಂದ ಆ ಪದ ಹುಟ್ಟಿತು. ಕ್ಷತ್ರಿಯ ವಟುವಿನ ಮೇಖಲೆಯೂ ಮೂರ್ವೆಯದೇ ಆಗಿರಬೇಕೆಂದು ಮನುಸ್ಮೃತಿಯಲ್ಲಿ ವಿಧಿಯಿದೆ. ಆ ಮೂರ್ವಾ ಯಾವ ಸಸ್ಯವೆಂಬ ವಿಷಯದಲ್ಲಿ ಪಂಡಿತರಲ್ಲಿ ಏಕಾಭಿಪ್ರಾಯವಿಲ್ಲ. ಕೆಲವರು ಬೇರೆ ಬಳ್ಳಿಗಳನ್ನು ಸೂಚಿಸುತ್ತಾರೆ. ಕೆಲವರು ಇದೇ ಗಿಡವೆನ್ನುತ್ತಾರೆ. ರಾಕ್ಸ್‌ಬರ್ಗನು ಸ್ವತಃ ನಾರನ್ನು ತೆಗೆದು ನೋಡಿದನು. ಸುಮಾರು 40 ಪೌಂಡು ಹಸಿ ಎಲೆಗೆ ಒಂದು ಪೌಂಡು ಶುದ್ಧವಾದ ಒಣ ನಾರು ಎಂದು ಅವನ ಲೆಕ್ಕ. ಉಳಿದ ತೂಕದಲ್ಲಿ ಬಹುಭಾಗ ನೀರು. ಈ ಲೆಕ್ಕವನ್ನು ತಾವು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇನೆ. ಮುಂದೆ ಹೇಳುವುದಕ್ಕೆಲ್ಲ ಅದೇ ತಳಹದಿ.

ಇನ್ನು ನನ್ನ ಕಥೆ. ನಮ್ಮ ಸೋದರತ್ತೆಯವರು ಚಳ್ಳಕೆರೆಯ ಕಡೆಯ ಒಂದು ಹಳ್ಳಿಯಲ್ಲಿದ್ದರು. ಆ ಸೀಮೆಯಲ್ಲಿ ಮಳೆ ಎಷ್ಟು ಅಪರೂಪವೆಂಬುದನ್ನು ತಾವು ಬಲ್ಲಿರಿ. ಅವರ ಹಿತ್ತಲಿನ ಬೇಲಿಯ ಬುಡದಲ್ಲಿ ಮಂಜಿನ ನಾರಿನ ಸಾಲೊಂದು ಅವರ ಅತ್ತೆಯ ಕಾಲದಿಂದಲೂ ಬೆಳೆದುಕೊಂಡಿತ್ತು. ಯಾರೂ ಅದಕ್ಕೆ ಒಂದು ತಂಬಿಗೆ ನೀರು ಹಾಕಿದವರಲ್ಲ. ಹೂವಿನ ಮಾಲೆ ಕಟ್ಟಲು ನಾರು ಬೇಕಾದಾಗ ಅತ್ತೆಯವರು ಒಂದು ಎಲೆಯನ್ನು ಕೊಯ್ದು, ಕಲ್ಲಿನ ಮೇಲೆ ಜಜ್ಜಿ, ಎಳೆಯೆಳೆಯಾಗಿ ಬಿಡಿಸುತ್ತಿದ್ದರು. 2018ರ ಬೇಸಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಒಂದು ಬುಡವನ್ನು ಕಿತ್ತು, ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗಿತ್ತರು. “ಇದಕ್ಕೆ ನೀರು ಹಾಕಬೇಡ ಕಣಪ್ಪ, ನೆಟ್ಟು ಮರೆತುಬಿಡು” ಎಂದರು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸುವವನು. ಅವರ ಮಾತಿಗೆ ನಕ್ಕು ತಲೆಯಾಡಿಸಿದೆನು.

ಆ ವರ್ಷದ ದೀಪಾವಳಿಗೆ ಮುಂಚೆಯೇ ಅತ್ತೆಯವರು ತೀರಿಕೊಂಡರು. ಮುಂದೆ ಕೆಲವು ತಿಂಗಳಲ್ಲಿ ಊರಿನ ರಸ್ತೆಯನ್ನು ಅಗಲಮಾಡುವಾಗ ಆ ಬೇಲಿಯೂ ಸಾಲೂ ಮಣ್ಣಿನಡಿಗೆ ಹೋದುವು. ಹೀಗಾಗಿ ಬೆಂಗಳೂರಿನ ನನ್ನ ಮನೆಯ ಕುಂಡವೊಂದೇ ಆ ಸಾಲಿನ ಶೇಷವಾಯಿತು. ಗಿಡದ ಮೇಲೆ ನನಗೆ ಅಕ್ಕರೆ ಹೆಚ್ಚಿತು. ಅಕ್ಕರೆ ಹೆಚ್ಚಿದಂತೆ ನೀರೂ ಹೆಚ್ಚಿತು. ಪ್ರತಿದಿನ ಬೆಳಿಗ್ಗೆ ಒಂದು ಚೊಂಬು. ಮೇಲೆ ಮುಂಗಾರು ಮಳೆ. ಎಲೆಗಳು ಸ್ವಲ್ಪ ಹಳದಿಗೆ ತಿರುಗಿದಾಗ ಬಾಯಾರಿಕೆಯೆಂದು ಬಗೆದು ಇನ್ನೂ ಒಂದು ಚೊಂಬು ಸೇರಿಸಿದೆನು. 2019ರ ಶ್ರಾವಣದಲ್ಲಿ ಒಂದು ದಿನ ಎಲೆಯೊಂದನ್ನು ಮುಟ್ಟಿದರೆ ಅದು ಬುಡದಿಂದ ಕಳಚಿ ಕೈಗೆ ಬಂದಿತು. ಒಂಬತ್ತು ಎಲೆಗಳಲ್ಲಿ ಎಂಟು ಹಾಗೆಯೇ ಕಳಚಿದುವು. ಬುಡ ಕಪ್ಪಾಗಿ, ಮೆತ್ತಗಾಗಿ, ದುರ್ವಾಸನೆಯಿಂದ ಕೂಡಿತ್ತು. ಬರಗಾಲವು ಎರಡು ತಲೆಮಾರಿನಲ್ಲಿ ಮಾಡಲಾರದ ಕೆಲಸವನ್ನು ಒಬ್ಬ ಸಸ್ಯಶಾಸ್ತ್ರದ ಉಪನ್ಯಾಸಕನು ಒಂದು ವರ್ಷದಲ್ಲಿ ಮಾಡಿ ಮುಗಿಸಿದ್ದನು.

ನಾಚಿಕೆಯ ಸಂಗತಿಯೇನೆಂದರೆ, ಇದು ಏಕಾಯಿತೆಂಬುದನ್ನು ನಾನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆನು. ಸಾಮಾನ್ಯವಾದ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲಾಮ್ಲ ವಾಯುವನ್ನು ಸೇದಿಕೊಳ್ಳುತ್ತವೆ. ಸೂರ್ಯನ ಬೆಳಕಿನ ಸಹಾಯದಿಂದ ಅದನ್ನು ಆಹಾರವಾಗಿ ಮಾರ್ಪಡಿಸುತ್ತವೆ. ಬಾಗಿಲು ತೆರೆದಾಗ ಹೊರಗಿನ ಗಾಳಿ ಒಳಗೆ ಬರುವಂತೆಯೇ ಒಳಗಿನ ತೇವ ಹೊರಗೆ ಹೋಗುತ್ತದೆ. ಬಿಸಿಲಿನಲ್ಲಿ ಈ ನಷ್ಟ ಬಹಳ. ಸ್ನೇಕ್ ಪ್ಲಾಂಟಿನ ಜಾತಿಯ ಗಿಡಗಳು ಇದಕ್ಕೆ ವಿರುದ್ಧವಾದ ಉಪಾಯವನ್ನು ಹೂಡಿವೆ. ಅವು ಹಗಲು ಬಾಗಿಲನ್ನು ಮುಚ್ಚಿಕೊಂಡು, ರಾತ್ರಿ ಗಾಳಿ ತಣ್ಣಗಾದ ಮೇಲೆ ತೆರೆಯುತ್ತವೆ. ರಾತ್ರಿ ಬೆಳಕಿಲ್ಲದ್ದರಿಂದ ಸೇದಿಕೊಂಡ ಇಂಗಾಲಾಮ್ಲವನ್ನು ಆಗಲೇ ಆಹಾರವಾಗಿ ಮಾಡಲು ಆಗದು. ಅದನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ, ಎಂದರೆ ಸೇಬಿನ ಹುಳಿಯ ರೂಪದಲ್ಲಿ, ಎಲೆಯೊಳಗೆ ಕೂಡಿಡುತ್ತವೆ. ಬೆಳಗಾದ ಮೇಲೆ ಬಾಗಿಲನ್ನು ಮುಚ್ಚಿ, ಆ ಹುಳಿಯನ್ನು ಮತ್ತೆ ಒಡೆದು, ಒಳಗೊಳಗೇ ಅಡಿಗೆ ಮಾಡಿಕೊಳ್ಳುತ್ತವೆ.

ಇದರಿಂದ ಆಗುವ ಉಳಿತಾಯ ಎಷ್ಟೆಂಬುದನ್ನು ಶಾಸ್ತ್ರಜ್ಞರು ಅಳೆದಿದ್ದಾರೆ. ಒಂದು ಗ್ರಾಂ ಇಂಗಾಲಾಮ್ಲವನ್ನು ಪಡೆಯಲು ಭತ್ತ, ಗೋಧಿ ಮೊದಲಾದ ಸಾಮಾನ್ಯ ಸಸ್ಯವರ್ಗವು ಸುಮಾರು 400ರಿಂದ 500 ಗ್ರಾಂ ನೀರನ್ನು ಕಳೆದುಕೊಳ್ಳುತ್ತದೆ. ಜೋಳ, ರಾಗಿಗಳ ವರ್ಗ 250ರಿಂದ 300 ಗ್ರಾಂ. ರಾತ್ರಿ ಬಾಗಿಲು ತೆರೆಯುವ ಈ ವರ್ಗಕ್ಕೆ 50ರಿಂದ 100 ಗ್ರಾಂ ಸಾಕು.

ಈ ರಹಸ್ಯದ ಮೊದಲ ಸುಳಿವುಗಳಲ್ಲಿ ಒಂದು ಹೊರಟುದು ನಮ್ಮ ದೇಶದಿಂದಲೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಬೆಂಜಮಿನ್ ಹೈನ್ ಎಂಬಾತನು ಈಸ್ಟ್ ಇಂಡಿಯಾ ಕಂಪೆನಿಯ ಸಸ್ಯಶಾಸ್ತ್ರಜ್ಞ. 1799ರ ತರುವಾಯ ಮೈಸೂರು ಸೀಮೆಯಲ್ಲಿ ಸಂಚರಿಸಿದವನು; ಬೆಂಗಳೂರಿನ ಲಾಲ್‌ಬಾಗಿನೊಡನೆ ಸಂಬಂಧವಿದ್ದವನು. ಆತನು 1813ರಲ್ಲಿ ಲಂಡನ್ನಿಗೆ ಬರೆದ ಒಂದು ಪತ್ರದಲ್ಲಿ ಒಂದು ವಿಚಿತ್ರವನ್ನು ತಿಳಿಸಿದನು. ನಾವು ಕಾಡುಬಸಳೆಯೆನ್ನುವ ಗಿಡದ ಎಲೆಯನ್ನು ಬೆಳಿಗ್ಗೆ ಅಗಿದರೆ ಬಲು ಹುಳಿ; ಹೊತ್ತೇರಿದಂತೆ ಹುಳಿ ಇಳಿದು, ಮಧ್ಯಾಹ್ನಕ್ಕೆ ಸಪ್ಪೆ; ಸಂಜೆಯ ವೇಳೆಗೆ ಸ್ವಲ್ಪ ಕಹಿ. ಯಾವ ಯಂತ್ರವೂ ಇಲ್ಲದೆ ಕೇವಲ ನಾಲಗೆಯಿಂದ ಕಂಡುಹಿಡಿದ ಈ ಸಂಗತಿ ಇಂದಿಗೂ ಸಸ್ಯಶಾಸ್ತ್ರದ ಚರಿತ್ರೆಯಲ್ಲಿ ಉಳಿದಿದೆ. ಇದನ್ನು ಕೇಳಿ ತಾವು ಸ್ನೇಕ್ ಪ್ಲಾಂಟಿನ ಎಲೆಯನ್ನು ಅಗಿದು ನೋಡಬಾರದು. ಅದರಲ್ಲಿ ಸಾಬೂನಿನಂತೆ ನೊರೆಗಟ್ಟುವ ಸ್ಯಾಪೊನಿನ್ ಎಂಬ ದ್ರವ್ಯವಿದೆ. ನಾಯಿಬೆಕ್ಕುಗಳು ತಿಂದರೆ ವಾಂತಿಭೇದಿಗಳಾಗುತ್ತವೆ. ಮಕ್ಕಳಿಗೂ ಒಳ್ಳೆಯದಲ್ಲ.

ಈಗ ನನ್ನ ಅಪರಾಧದ ಸ್ವರೂಪ ತಮಗೆ ವಿಶದವಾಗಿರಬಹುದು. ಎಲೆಯೇ ಕೆರೆ, ಬೇರುಗಳು ಆ ಕೆರೆಗೆ ಅಪರೂಪವಾಗಿ ನೀರು ತರುವ ಕಾಲುವೆಗಳು. ಕೆರೆ ತುಂಬಿರುವಾಗ ಕಾಲುವೆಗೆ ಕೆಲಸವಿಲ್ಲ. ಬೇರಿಗೂ ಉಸಿರಾಟವುಂಟು, ಮಣ್ಣಿನ ಕಣಗಳ ನಡುವಣ ಗಾಳಿಯೇ ಅದಕ್ಕೆ ಆಧಾರ. ನಾವು ದಿನವಹಿ ನೀರು ಸುರಿದರೆ ಗಾಳಿಯಿರಬೇಕಾದ ಎಡೆಯನ್ನು ನೀರು ಆಕ್ರಮಿಸುತ್ತದೆ, ಬೇರು ಉಸಿರುಕಟ್ಟಿ ಸಾಯುತ್ತದೆ, ಸತ್ತ ಬೇರಿಗೆ ಬೂಷ್ಟು ಹಿಡಿದು ಬುಡಕ್ಕೆ ಏರುತ್ತದೆ. ಬೇರು ಸತ್ತ ಗಿಡವು ನೀರಿನ ನಡುವೆ ನಿಂತೂ ಬಾಡುತ್ತದೆ. ಬಾಡಿದುದನ್ನು ಕಂಡ ಯಜಮಾನನು ಇನ್ನಷ್ಟು ನೀರು ಹಾಕುತ್ತಾನೆ. ಈ ಗಿಡಗಳು ಮನೆಗಳಲ್ಲಿ ಸಾಯುವುದು ಹೆಚ್ಚಾಗಿ ಹೀಗೆಯೇ, ಅಲಕ್ಷ್ಯದಿಂದಲ್ಲ, ಆರೈಕೆಯಿಂದ.

ಆ ಒಂಬತ್ತನೆಯ ಎಲೆಯ ವಿಚಾರಕ್ಕೆ ಬರುತ್ತೇನೆ. ಅದರ ಬುಡ ಕೊಳೆತಿದ್ದರೂ ಮೇಲಿನ ಒಂದು ಗೇಣಿನಷ್ಟು ಗಟ್ಟಿಯಾಗಿತ್ತು. ಈ ಗಿಡದ ದೊಡ್ಡ ಗುಣವೆಂದರೆ ಎಲೆಯ ಚೂರಿನಿಂದಲೂ ಅದನ್ನು ಪುನಃ ಹುಟ್ಟಿಸಬಹುದು. ಹಾಗೆ ಮಾಡಬೇಕಾದ ಕ್ರಮವನ್ನು, ನಾನು ಮಾಡಿದ ತಪ್ಪುಗಳೊಡನೆ, ಹೇಳುತ್ತೇನೆ.

ಚೆನ್ನಾಗಿ ಬಲಿತ, ರೋಗವಿಲ್ಲದ ಎಲೆಯನ್ನು ಹರಿತವಾದ, ಶುಭ್ರವಾದ ಚಾಕುವಿನಿಂದ ಬುಡದಲ್ಲಿ ಕೊಯ್ಯಬೇಕು. ಅದನ್ನು ಮೂರು ನಾಲ್ಕು ಅಂಗುಲದ ತುಂಡುಗಳಾಗಿ ಅಡ್ಡಲಾಗಿ ಕತ್ತರಿಸಬೇಕು. ಆಗಲೇ ಪ್ರತಿಯೊಂದು ತುಂಡಿನಲ್ಲಿಯೂ ಯಾವುದು ಕೆಳಗಿನ ತುದಿಯೆಂಬುದನ್ನು ಗುರುತುಮಾಡಿಕೊಳ್ಳಬೇಕು; ಕೆಳಗಿನ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಗುರುತು ತಾನಾಗಿಯೇ ಆಗುತ್ತದೆ. ಇದು ಬಹು ಮುಖ್ಯ. ಎಲೆಯೊಳಗೆ ಬೇರನ್ನು ಹುಟ್ಟಿಸುವ ರಸವು ಮೇಲಿನಿಂದ ಕೆಳಕ್ಕೆ ಹರಿದು ಕೆಳತುದಿಯಲ್ಲಿ ಶೇಖರವಾಗುತ್ತದೆ. ತುಂಡನ್ನು ತಲೆಕೆಳಗಾಗಿ ನೆಟ್ಟರೆ ಬೇರು ಬಿಡುವುದಿಲ್ಲ. ನಾನು ಮಾಡಿದ ನಾಲ್ಕು ತುಂಡುಗಳಲ್ಲಿ ಒಂದನ್ನು ಅವಸರದಲ್ಲಿ ತಲೆಕೆಳಗಾಗಿ ನೆಟ್ಟೆನು. ಅದು ಎರಡು ತಿಂಗಳು ಹಸುರಾಗಿಯೇ ನಿಂತಿದ್ದು ಕೊನೆಗೆ ಒಣಗಿತು.

ಕತ್ತರಿಸಿದ ತುಂಡುಗಳನ್ನು ಕೂಡಲೇ ನೆಡಬಾರದು. ನೆರಳಿನಲ್ಲಿ, ಗಾಳಿಯಾಡುವ ಕಡೆ, ಮೂರರಿಂದ ಏಳು ದಿನಗಳವರೆಗೆ ಹಾಗೆಯೇ ಇಡಬೇಕು. ಹಸಿಗಾಯವು ಒಣಗಿ ಮೇಲೆ ಒಂದು ಪೊರೆ ಕಟ್ಟುತ್ತದೆ. ಪೊರೆ ಕಟ್ಟದ ಗಾಯವನ್ನು ಒದ್ದೆಮಣ್ಣಿಗೆ ಇಟ್ಟರೆ ಬೂಷ್ಟಿಗೆ ಬಾಗಿಲು ತೆರೆದಂತೆ. ನಾನು ಮೂರು ತುಂಡುಗಳನ್ನು ಐದು ದಿನ ಒಣಗಿಸಿದೆನು. ಧೈರ್ಯ ಸಾಲದೆ ಒಂದನ್ನು ಮಾತ್ರ ಅಂದೇ ನೆಟ್ಟೆನು. ಅದು ಹದಿನೈದು ದಿನಗಳಲ್ಲಿ ಕೊಳೆಯಿತು. ಉಳಿದುವು ಎರಡು.

ನೆಡುವುದಕ್ಕೆ ಎರಡು ಪಾಲು ಒರಟು ಮರಳಿಗೆ ಒಂದು ಪಾಲು ಕೆಮ್ಮಣ್ಣು ಸೇರಿಸಿದರೆ ಸಾಕು, ಗೊಬ್ಬರ ಬೇಡ. ತುಂಡಿನ ಕೆಳಗಿನ ಒಂದಂಗುಲ ಮಣ್ಣಿನಲ್ಲಿರಲಿ. ಮೊದಲು ಸ್ವಲ್ಪ ನೀರು ಚಿಮುಕಿಸಿ, ಆಮೇಲೆ ಮಣ್ಣು ಪೂರ್ತಿ ಒಣಗಿದಾಗ ಮಾತ್ರ ಮತ್ತೆ ಚಿಮುಕಿಸಬೇಕು. ಬೆಳಕು ಬೇಕು, ಸುಡುವ ಬಿಸಿಲು ಬೇಡ. ಬೆಚ್ಚನೆಯ ಕಾಲವೇ ಇದಕ್ಕೆ ತಕ್ಕ ಕಾಲ. ನಮ್ಮ ಮೈದಾನ ಸೀಮೆಯಲ್ಲಿ ಮಾಘ ಫಾಲ್ಗುಣಗಳಿಂದ ಜ್ಯೇಷ್ಠದ ಮಳೆ ಹಿಡಿಯುವವರೆಗೆ ಮಾಡಬಹುದು. ನಾನು ಮಾಡಿದುದು ಶ್ರಾವಣದ ಜಡಿಮಳೆಯಲ್ಲಿ, ಸೂರಿನ ಕೆಳಗೆ ಕುಂಡವನ್ನಿಟ್ಟುಕೊಂಡು. ಸಾಯುತ್ತಿರುವವರಿಗೆ ಔಷಧ ಕೊಡಲು ಮುಹೂರ್ತ ನೋಡಲಾಗುವುದಿಲ್ಲವಷ್ಟೆ.

ಇನ್ನು ಬೇಕಾದುದು ತಾಳ್ಮೆ. ಬೇರು ಬಿಡಲು ಒಂದೆರಡು ತಿಂಗಳು. ಬೇರಿನ ಮೇಲೆ ಮಣ್ಣಿನೊಳಗೇ ಒಂದು ಚಿಕ್ಕ ಕಂದ ಹುಟ್ಟಿ, ಅದರಿಂದ ಎಲೆಯ ಮೊಳಕೆ ಮೇಲೇಳಲು ಮತ್ತೂ ಕೆಲವು ತಿಂಗಳು. ನೆಟ್ಟ ತುಂಡು ತಾನೇ ದೊಡ್ಡದಾಗುವುದಿಲ್ಲ. ಮರಿಯನ್ನು ಸಾಕಿ, ಕ್ರಮೇಣ ತಾನು ಸುಕ್ಕಿಹೋಗುತ್ತದೆ. ದಿನಕ್ಕೊಮ್ಮೆ ಕಿತ್ತು ನೋಡುವ ಚಪಲವನ್ನು ತಡೆದುಕೊಳ್ಳಬೇಕು. ನನ್ನ ಕುಂಡದಲ್ಲಿ ಮೊಳಕೆ ಕಂಡುದು ಮುಂದಿನ ಯುಗಾದಿಯ ಹೊತ್ತಿಗೆ. ಹುರುಳಿಕಾಳಿನಷ್ಟು ಗಾತ್ರದ ಆ ಹಸುರು ತುದಿಯನ್ನು ಕಂಡಾಗ ನಾನು ಮನೆಯವರನ್ನೆಲ್ಲ ಕೂಗಿ ಕರೆದೆನು. ಬಂದು ನೋಡಿದ ಮನೆಯಾಕೆ, “ಈ ಸಲ ನೀರಿನ ಚೊಂಬನ್ನು ನಾನು ಬಚ್ಚಿಡುತ್ತೇನೆ” ಎಂದಳು.

ಕೆಲವರು ಎಲೆಯ ತುಂಡನ್ನು ಗಾಜಿನ ಲೋಟದ ನೀರಿನಲ್ಲಿಟ್ಟು ಬೇರು ಬಿಡಿಸುತ್ತಾರೆ. ಅದೂ ಆಗತಕ್ಕದ್ದೇ. ಬೇರು ಬರುವುದು ಕಣ್ಣಿಗೆ ಕಾಣುವುದರಿಂದ ಮಕ್ಕಳಿಗೆ ಸಂತೋಷ. ಕೆಳಗಿನ ಒಂದಂಗುಲ ಮಾತ್ರ ನೀರಿನಲ್ಲಿರಬೇಕು, ನಾಲ್ಕೈದು ದಿನಗಳಿಗೊಮ್ಮೆ ನೀರನ್ನು ಬದಲಾಯಿಸಬೇಕು, ಬೇರು ಒಂದೆರಡು ಅಂಗುಲ ಬೆಳೆದ ಮೇಲೆ ಮಣ್ಣಿಗೆ ಸೇರಿಸಬೇಕು. ಮರಳಿನಲ್ಲಿ ಬಂದ ಬೇರು ಮಣ್ಣಿಗೆ ಬೇಗ ಹೊಂದಿಕೊಳ್ಳುತ್ತದೆಯಾದ್ದರಿಂದ ನನ್ನ ಮತ ಮರಳಿನ ಕಡೆಗೇ.

ಎಲೆಯಿಂದ ಬೆಳೆಸುವುದು ಆಪತ್ಕಾಲದ ಮಾರ್ಗ. ನೇರವಾದ, ಶೀಘ್ರವಾದ ಮಾರ್ಗವೆಂದರೆ ಬುಡವನ್ನು ಬಿಡಿಸುವುದು. ಬಾಳೆಯ ಕಂದಿನಂತೆ ಈ ಗಿಡದ ನೆಲದೊಳಗಿನ ಕಾಂಡವೂ ಅಡ್ಡಲಾಗಿ ಹರಿದು ಪಕ್ಕದಲ್ಲಿ ಮರಿಗಳನ್ನು ಎಬ್ಬಿಸುತ್ತದೆ. ಮರಿಯಲ್ಲಿ ಮೂರು ನಾಲ್ಕು ಎಲೆಗಳೂ ಸ್ವಂತ ಬೇರುಗಳೂ ಆದ ಮೇಲೆ, ಬೇಸಗೆಯಲ್ಲಿ ಗಿಡವನ್ನು ಕುಂಡದಿಂದ ಹೊರಕ್ಕೆ ತೆಗೆದು, ಮಣ್ಣನ್ನು ಉದುರಿಸಿ, ನಡುವಣ ಕಾಂಡವನ್ನು ಚಾಕುವಿನಿಂದ ಕತ್ತರಿಸಿ ಬೇರೆಮಾಡಬೇಕು. ಗಾಯ ಒಣಗಲು ಇಲ್ಲಿಯೂ ಎರಡು ದಿನ ಬಿಟ್ಟು ನೆಡಬೇಕು. ನೆಟ್ಟಮೇಲೆ ಒಂದು ವಾರ ನೀರು ಬೇಡ.

ಎಲೆಯ ಅಂಚಿನಲ್ಲಿ ಹಳದಿ ಗೆರೆಯಿರುವ ವಿದೇಶೀ ಬಗೆಯನ್ನು ಇಟ್ಟಿರುವವರು ಒಂದು ಎಚ್ಚರಿಕೆಯನ್ನು ಗಮನಿಸಬೇಕು. ಆ ಗಿಡವನ್ನು ಎಲೆಯ ತುಂಡಿನಿಂದ ಬೆಳೆಸಿದರೆ ಮರಿಗಳಲ್ಲಿ ಹಳದಿ ಅಂಚು ಕಾಣುವುದಿಲ್ಲ; ಅಚ್ಚ ಹಸುರಿನ ಗಿಡಗಳಾಗುತ್ತವೆ. ಹಳದಿ ಅಂಚಿನ ಎಲೆಯಲ್ಲಿ ಎರಡು ಬಗೆಯ ಜೀವಕಣಗಳು ಪದರಪದರವಾಗಿ ಒಟ್ಟಿಗೆ ವಾಸಿಸುತ್ತವೆ. ಎಲೆಯ ತುಂಡಿನಿಂದ ಹೊಸ ಮೊಳಕೆ ಹುಟ್ಟುವಾಗ ಆ ಪದರಗಳ ಜೋಡಣೆ ಉಳಿಯುವುದಿಲ್ಲ. ಅಂಗಡಿಯವನು ಮೋಸಮಾಡಿದನೆಂದು ಬೈಯುವುದಕ್ಕೆ ಮುಂಚೆ ಇದನ್ನು ನೆನೆಯಬೇಕು. ಅಂಚು ಉಳಿಯಬೇಕಾದರೆ ಬುಡವನ್ನು ಬಿಡಿಸುವುದೊಂದೇ ದಾರಿ. ನಮ್ಮ ಮಂಜಿನ ನಾರಿನ ಪಟ್ಟೆಗಳಿಗೆ ಈ ತೊಂದರೆಯಿಲ್ಲ. ಎಲೆಯಿಂದ ಬಂದರೂ ಬುಡದಿಂದ ಬಂದರೂ ಮರಿ ತಾಯಿಯಂತೆಯೇ ಇರುತ್ತದೆ.

ಬೆಳೆದ ಗಿಡವನ್ನು ಕಾಪಾಡುವ ವಿಷಯದಲ್ಲಿ ನಾಲ್ಕು ಸೂತ್ರಗಳು ಸಾಕು. ಒಂದು, ಕುಂಡ ಮಣ್ಣಿನದಾಗಿದ್ದು ತಳದಲ್ಲಿ ತೂತಿರಬೇಕು. ಬೇರಿಗಿಂತ ಬಹಳ ದೊಡ್ಡ ಕುಂಡ ಕೂಡದು; ಬೇರಿಲ್ಲದ ಮಣ್ಣು ಬೇಗ ಒಣಗುವುದಿಲ್ಲ. ತಳದ ತಟ್ಟೆಯಲ್ಲಿ ನೀರು ನಿಲ್ಲಬಾರದು. ಎರಡು, ಮಣ್ಣು ಹಗುರವಾಗಿರಬೇಕು. ಕೆಮ್ಮಣ್ಣು, ಒರಟು ಮರಳು, ಇಟ್ಟಿಗೆಯ ಚೂರು ಸಮಪಾಲಾಗಿ, ಮೇಲೊಂದು ಹಿಡಿ ಹಳೆಯ ಎಲೆಗೊಬ್ಬರ. ಮೂರು, ಬೆಳಕು. ನೆರಳಿನ ಮೂಲೆಯಲ್ಲಿಯೂ ಗಿಡ ಬದುಕುತ್ತದೆ, ಆದರೆ ಬೆಳೆಯುವುದಿಲ್ಲ. ಎಳಬಿಸಿಲು ಬೀಳುವ ಕಿಟಕಿಯೋ ಜಗಲಿಯೋ ಉತ್ತಮ. ಬಹುಕಾಲ ಕತ್ತಲೆಯಲ್ಲಿದ್ದುದನ್ನು ಒಮ್ಮೆಗೇ ಬಿಸಿಲಿಗೆ ಎಳೆದರೆ ಎಲೆ ಸುಡುತ್ತದೆ. ದಿನದಿನಕ್ಕೂ ಸ್ವಲ್ಪಸ್ವಲ್ಪವಾಗಿ ಸರಿಸಬೇಕು.

ನಾಲ್ಕನೆಯದು ನೀರು. ಊದುಬತ್ತಿ ಉರಿದ ಮೇಲೆ ಉಳಿಯುವ ಬಿದಿರಿನ ಕಡ್ಡಿಯನ್ನು ಕುಂಡದ ತಳ ಮುಟ್ಟುವವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹೊರಗೆಳೆಯಿರಿ. ಕಡ್ಡಿಗೆ ಒದ್ದೆಮಣ್ಣು ಅಂಟಿದ್ದರೆ ನೀರು ಬೇಡ. ಒಣಗಿದ್ದರೆ ತಳದಿಂದ ಇಳಿಯುವಷ್ಟು ಹಾಕಿ, ಮತ್ತೆ ಮರೆತುಬಿಡಿ. ಬೆಂಗಳೂರಿನ ಹವೆಯಲ್ಲಿ ಬೇಸಗೆಗೆ ಹತ್ತು ಹನ್ನೆರಡು ದಿನಗಳಿಗೊಮ್ಮೆ, ಚಳಿಗಾಲಕ್ಕೆ ತಿಂಗಳಿಗೊಮ್ಮೆ ಎಂದು ಸ್ಥೂಲವಾಗಿ ಹೇಳಬಹುದು. ಮಳೆಗೆ ತೆರೆದ ಕಡೆ ಇದ್ದರೆ ಮಳೆಗಾಲದಲ್ಲಿ ನಾವು ಹಾಕುವುದೇ ಬೇಡ. ಎಲೆಗಳ ನಡುವಿನ ಬುಡದಲ್ಲಿ ನೀರು ನಿಲ್ಲದಂತೆ ಪಕ್ಕದಿಂದ ಹಾಕಬೇಕು. ಆಗಾಗ ಹಿಟ್ಟುತಿಗಣೆ ಬಿಳಿಯ ಹತ್ತಿಯಂತೆ ಬುಡದಲ್ಲಿ ಅಂಟಿಕೊಳ್ಳುವುದುಂಟು; ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಗಿಡದ ವಿಷಯವಾಗಿ ಪ್ರಚಾರದಲ್ಲಿರುವ ಎರಡು ಅತಿಶಯೋಕ್ತಿಗಳನ್ನೂ ತಿದ್ದುವುದು ಕರ್ತವ್ಯ. ಇದು ರಾತ್ರಿಯಲ್ಲಿ ಆಮ್ಲಜನಕವನ್ನು ಬಿಡುತ್ತದೆಯಾದ್ದರಿಂದ ಮಲಗುವ ಕೋಣೆಯಲ್ಲಿಡಬೇಕೆಂದು ಮಾರುವವರು ಹೇಳುತ್ತಾರೆ. ರಾತ್ರಿ ಇದು ಇಂಗಾಲಾಮ್ಲವನ್ನು ಸೇದಿಕೊಳ್ಳುವುದು ನಿಜ. ಆದರೆ ಆಮ್ಲಜನಕ ಹುಟ್ಟುವುದು ಬೆಳಕಿನಲ್ಲಿಯೇ. ಒಂದೆರಡು ಕುಂಡಗಳಿಂದ ಕೋಣೆಯ ಗಾಳಿ ಲೆಕ್ಕಕ್ಕೆ ಬರುವಷ್ಟು ಬದಲಾಗುವುದೂ ಇಲ್ಲ. ಮತ್ತೊಂದು, ಇದು ವಿಷವಾಯುಗಳನ್ನು ಶೋಧಿಸುತ್ತದೆಂಬ ಮಾತು. ಅಮೇರಿಕಾ ದೇಶದ ನಾಸಾ ಸಂಸ್ಥೆಯು 1989ರಲ್ಲಿ ಪ್ರಕಟಿಸಿದ ಪ್ರಯೋಗಗಳೇ ಇದಕ್ಕೆ ಮೂಲ. ಅವು ಗಾಳಿಯಾಡದ ಚಿಕ್ಕ ಪೆಟ್ಟಿಗೆಗಳಲ್ಲಿ ನಡೆದುವು. ಇಂಥ ಪ್ರಯೋಗಗಳನ್ನೆಲ್ಲ ಮತ್ತೆ ಲೆಕ್ಕಹಾಕಿದ ವಿದ್ವಾಂಸರು, ಸಾಮಾನ್ಯ ಕಟ್ಟಡದಲ್ಲಿ ಗಾಳಿಯ ಸಂಚಾರದಿಂದ ಆಗುವಷ್ಟೇ ಶೋಧನೆ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರದವರೆಗೆ ಗಿಡಗಳು ಬೇಕೆಂದು 2019ರಲ್ಲಿ ತಿಳಿಸಿದರು. ಅದಕ್ಕಿಂತ ಕಿಟಕಿ ತೆರೆಯುವುದು ಸುಲಭ. ಗಿಡಕ್ಕೆ ಇಲ್ಲದ ಗುಣವನ್ನು ಆರೋಪಿಸುವ ಅಗತ್ಯವಿಲ್ಲ. ಇರುವ ಗುಣವೇ ಸಾಕಷ್ಟಿದೆ.

ಆ ಗುಣ ನನಗೆ ಮನದಟ್ಟಾದುದು 2024ನೆಯ ಇಸವಿಯ ಬೇಸಗೆಯಲ್ಲಿ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು, ಬೆಂಗಳೂರಿನಲ್ಲಿ ಎಷ್ಟೋ ಕೊಳವೆಬಾವಿಗಳು ಬತ್ತಿದುವು. ಕುಡಿಯುವ ನೀರನ್ನು ತೋಟಕ್ಕೂ ವಾಹನ ತೊಳೆಯಲೂ ಬಳಸಕೂಡದೆಂದು ಮಾರ್ಚ್ ತಿಂಗಳಲ್ಲಿ ಜಲಮಂಡಳಿಯು ಆಜ್ಞೆಮಾಡಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ನಮ್ಮ ಬೀದಿಗೆ ಟ್ಯಾಂಕರು ಬರುವ ದಿನ ಎಲ್ಲರೂ ಬಿಂದಿಗೆ ಹಿಡಿದು ಕಾಯುತ್ತಿದ್ದೆವು. ಅಕ್ಕಿ ತೊಳೆದ ನೀರನ್ನು ಹಂಚಿಹಂಚಿ ಹಾಕಿದರೂ ನನ್ನ ಗುಲಾಬಿಗಳು ಒಣಗಿದುವು, ಸೇವಂತಿಗೆ ಹೋಯಿತು. ಮಂಜಿನ ನಾರಿನ ಎರಡು ಕುಂಡಗಳಿಗೆ ನಾನು ಐದು ವಾರ ಒಂದು ಹನಿಯನ್ನೂ ಹಾಕಲಿಲ್ಲ. ಅದರ ಎಲೆಗಳು ತುಸು ಒಳಕ್ಕೆ ಮಡಿಚಿಕೊಂಡುವು, ಅಷ್ಟೆ. ಅದೇ ಬೇಸಗೆಯಲ್ಲಿ, ಯಾರೂ ನೋಡದಿದ್ದಾಗ, ಒಂದು ಕುಂಡದಿಂದ ಹೂಗೊಂಚಲು ಎದ್ದಿತು. ಹಸುರು ಬೆರೆತ ಬಿಳಿಯ ಸಣ್ಣ ಹೂಗಳು ಸಂಜೆ ಕಳೆದ ಮೇಲೆ ಅರಳಿ ಮೆಲುವಾದ ಪರಿಮಳವನ್ನು ಬೀರಿದುವು. ಅತ್ತೆಯವರ ಹಿತ್ತಲಿನಲ್ಲಿ ಬಾಲ್ಯದಲ್ಲಿ ಮಲಗಿದ್ದಾಗ ಮೂಗಿಗೆ ಬರುತ್ತಿದ್ದ ಆ ಪರಿಮಳ ಯಾವುದೆಂದು ನಲವತ್ತು ವರ್ಷಗಳಾದ ಮೇಲೆ ನನಗೆ ತಿಳಿಯಿತು.

ಶ್ರೋತೃಗಳೆ, ಸೇವೆಯೆಂಬುದು ನಮ್ಮ ಮನಸ್ಸಿನ ತೃಪ್ತಿಗಾಗಿ ಮಾಡುವುದಲ್ಲ. ಸೇವೆಗೊಳ್ಳುವ ಜೀವದ ಸ್ವಭಾವವನ್ನರಿತು ಮಾಡತಕ್ಕದ್ದು. ನಾನು ಹಾಕಿದ ನೀರು ಗಿಡದ ಬಾಯಾರಿಕೆಗಲ್ಲ, ನನ್ನ ದುಃಖಕ್ಕೆ. ಅತ್ತೆಯವರು ಒಂದೇ ಮಾತಿನಲ್ಲಿ ಹೇಳಿದುದನ್ನು ತಿಳಿಯಲು ನನಗೆ ಒಂದು ಗಿಡದ ಸಾವು ಬೇಕಾಯಿತು; ತಮಗೆ ಅದು ಬೇಡವೆಂದೇ ಇಷ್ಟು ಹೊತ್ತು ಮಾತನಾಡಿದೆನು.

ಕೊನೆಯದಾಗಿ ಒಂದು ಪ್ರಾರ್ಥನೆ. ತಮ್ಮ ಊರುಗಳ ಬೇಲಿಯ ಬುಡದಲ್ಲಿಯೋ ಗುಡ್ಡದ ಸಂದಿಯಲ್ಲಿಯೋ ಈ ಗಿಡ ಇನ್ನೂ ಉಳಿದಿದ್ದರೆ, ರಸ್ತೆಯೂ ಕಟ್ಟಡವೂ ಬರುವುದಕ್ಕೆ ಮುಂಚೆ, ಕಾಡನ್ನು ಬರಿದುಮಾಡದೆ ಒಂದು ಮರಿಯನ್ನೋ ಎಲೆಯನ್ನೋ ಮಾತ್ರ ತಂದು ನೆಡಿರಿ. ಅದು ಬುಡಕಟ್ಟಿ ಹಬ್ಬಿದ ಮೇಲೆ ಬಿಡಿಸಿ ಮತ್ತೊಬ್ಬರಿಗೆ ಕೊಡಿರಿ. ಒಂದೇ ಕುಂಡದಲ್ಲಿ ಉಳಿದುದು ಒಬ್ಬನ ತಪ್ಪಿನಿಂದ ಅಳಿಯಬಹುದು. ಹತ್ತು ಮನೆಗಳಲ್ಲಿರುವುದು ಹಾಗೆ ಅಳಿಯಲಾರದು. ನನ್ನ ಎರಡು ತುಂಡುಗಳ ಸಂತಾನ ಈಗ ಏಳು ಮನೆಗಳಲ್ಲಿದೆ. ಬಹುಮಟ್ಟಿಗೆ ನನ್ನ ವಿದ್ಯಾರ್ಥಿಗಳ ಮನೆಗಳು. ಕೊಡುವಾಗ ಪ್ರತಿಯೊಬ್ಬರಿಗೂ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಅದೇ ಮಾತನ್ನು ಹೇಳುತ್ತೇನೆ: ನೆಟ್ಟು ಮರೆತುಬಿಡು.